ಹಿತ್ತಲು, ಹೊತ್ತಗೆ, ಗೊಂಬೆಯ ಪೆಟ್ಟಿಗೆ

ಚರಿತ್ರೆಯ ಪಾಠ ಹೇಳುವವನಿಗೆ ತರಗತಿಯಲ್ಲಿ ಬರುವ ಪ್ರಶ್ನೆಗಳು ಬಹುಮಟ್ಟಿಗೆ ಮೊದಲೇ ಗೊತ್ತಿರುವಂಥವು. ಯಾವ ಯುದ್ಧ ಯಾವ ವರ್ಷ ನಡೆಯಿತು, ಸೋತವರು ಯಾವ ಸೀಮೆಯನ್ನು ಬಿಟ್ಟುಕೊಟ್ಟರು, ಯಾರ ತರುವಾಯ ಯಾರು ಪಟ್ಟಕ್ಕೆ ಬಂದರು, ಇಷ್ಟು ಸಿದ್ಧವಾಗಿದ್ದರೆ ಅಧ್ಯಾಪಕನು ನಿಶ್ಚಿಂತನಾಗಿ ತರಗತಿಗೆ ಹೋಗಬಹುದು. ಒಂದು ದಿನ ಕಲ್ಯಾಣದ ಚಾಲುಕ್ಯರ ಪಾಠ ಮುಗಿಯುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು, “ಯುದ್ಧವಿಲ್ಲದ ದಿವಸಗಳಲ್ಲಿ ಜನ ಮನೆಯಲ್ಲಿ ಏನು ಮಾಡುತ್ತಿದ್ದರು, ಸಾರ್?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಅಷ್ಟರಲ್ಲಿ ಗಂಟೆ ಹೊಡೆದದ್ದರಿಂದ ನನ್ನ ಮಾನ ಉಳಿಯಿತು. ಪ್ರಶ್ನೆ ಮಾತ್ರ ಮನೆಯವರೆಗೂ ನನ್ನನ್ನು ಹಿಂಬಾಲಿಸಿಕೊಂಡು ಬಂತು. ಈ ಹೊತ್ತು ತಮ್ಮ ಮುಂದೆ ಆಡಬೇಕೆಂದಿರುವ ನಾಲ್ಕು ಮಾತು ಅಂದು ನಾನು ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರ.

ಉತ್ತರಕ್ಕೆ ಆಧಾರಗಳಿಲ್ಲವೆಂದಲ್ಲ. ಅದೇ ಚಾಲುಕ್ಯರ ಕಾಲದಲ್ಲಿ, 1025ರಲ್ಲಿ, ಚಾವುಂಡರಾಯನೆಂಬ ಕವಿ ‘ಲೋಕೋಪಕಾರ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಬೇರೆ, ಇವನು ಬೇರೆ. ಮನೆ ಕಟ್ಟುವ ಕ್ರಮ, ನೆಲದೊಳಗಿನ ನೀರನ್ನು ಗುರುತಿಸುವ ಬಗೆ, ಗಿಡಮರಗಳ ಆರೈಕೆ ಮತ್ತು ಚಿಕಿತ್ಸೆ, ಸುಗಂಧದ್ರವ್ಯಗಳ ತಯಾರಿಕೆ, ಅಡಿಗೆ, ದನಕರುಗಳ ರೋಗ, ಹೀಗೆ ಒಂದು ಸಂಸಾರಕ್ಕೆ ಬೇಕಾದುದೆಲ್ಲ ಅದರಲ್ಲಿದೆ. ಶಾಸ್ತ್ರವೆಂದರೆ ಸಂಸ್ಕೃತವೇ ಎಂದು ಪಂಡಿತರು ತಿಳಿದಿದ್ದ ಕಾಲದಲ್ಲಿ, ಮರಕ್ಕೆ ಹುಳು ಬಿದ್ದರೆ ಏನು ಮಾಡಬೇಕೆಂಬುದನ್ನು ಕನ್ನಡದಲ್ಲಿ ಹೇಳಹೊರಟ ಆ ಮಹಾನುಭಾವನ ಮೇಲೆ ನನಗೆ ವಿಶೇಷವಾದ ಗೌರವ.

ಅದಾದ ಒಂದು ನೂರು ವರ್ಷಗಳ ಮೇಲೆ, ಕಲ್ಯಾಣದ ಸಿಂಹಾಸನದ ಮೇಲಿದ್ದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವನ್ನು ಸಂಸ್ಕೃತದಲ್ಲಿ ಬರೆದನು. ಅದರಲ್ಲಿ ಐದು ವಿಂಶತಿಗಳು, ಒಂದೊಂದರಲ್ಲಿ 20 ಅಧ್ಯಾಯಗಳು. ರಾಜ್ಯವನ್ನು ಪಡೆಯುವ ಮತ್ತು ಸ್ಥಿರಪಡಿಸಿಕೊಳ್ಳುವ ಮಾತು ಮೊದಲ ಎರಡು ವಿಂಶತಿಗಳಲ್ಲೇ ಮುಗಿದುಹೋಗುತ್ತದೆ. ಉಳಿದ ಮೂರು ಭಾಗಗಳೂ ಉಪಭೋಗ, ವಿನೋದ, ಕ್ರೀಡೆಗಳಿಗೆ ಮೀಸಲು. ಸ್ನಾನ, ಊಟ, ತಾಂಬೂಲ, ಹೂಮಾಲೆ, ಕಥೆ ಕೇಳುವುದು, ಉಪವನದಲ್ಲಿ ವಿಹರಿಸುವುದು, ಚದುರಂಗ, ಪಗಡೆ ಎಲ್ಲವೂ ಅಲ್ಲಿ ಉಂಟು. ಒಬ್ಬ ಅರಸನೇ ಕುಳಿತು, ತನ್ನ ಜೀವಿತದ ಐದರಲ್ಲಿ ಮೂರು ಪಾಲು ಸುಖಕ್ಕೆ ಸಲ್ಲತಕ್ಕದ್ದೆಂದು ಲೆಕ್ಕ ಹಾಕಿದ್ದಾನೆ. ನಮ್ಮ ಪಠ್ಯಪುಸ್ತಕಗಳು ಮಾತ್ರ ಐದಕ್ಕೆ ಐದನ್ನೂ ರಾಜ್ಯಕ್ಕೇ ಕೊಟ್ಟಿವೆ.

ಇಲ್ಲಿ ಒಂದು ತೊಡಕು ಇದೆ. ಸೋಮೇಶ್ವರನು ವರ್ಣಿಸುವ ಉಪವನದಲ್ಲಿ ಗಿಡಕ್ಕೆ ನೀರೆರೆದ ಕೈ ಯಾರದು? ಹೂವನ್ನು ಕಟ್ಟಿದವರಾರು? ಅದು ಅವನ ಪುಸ್ತಕಕ್ಕೆ ಬೇಕಾಗಿರಲಿಲ್ಲ. ಸುಖದ ಪಟ್ಟಿಯನ್ನು ಅನುಭವಿಸಿದವರು ಬರೆದಿಟ್ಟರು; ಅದನ್ನು ದಿನದಿನವೂ ಸಿದ್ಧಪಡಿಸಿಕೊಟ್ಟವರು ಏನನ್ನೂ ಬರೆಯಲಿಲ್ಲ. ಮನೆಯ ಸುಖಗಳ ಚರಿತ್ರೆಯನ್ನು ಹುಡುಕಿಕೊಂಡು ಹೋಗುವವನು ಹೆಜ್ಜೆಹೆಜ್ಜೆಗೂ ಈ ತೊಡಕನ್ನೇ ಎಡವುತ್ತಾನೆ.

ಆ ದೂರದ ಕಾಲವನ್ನು ಬಿಟ್ಟು ನಮ್ಮ ಮೈಸೂರಿಗೆ ಬರೋಣ. ಮುಮ್ಮಡಿ ಕೃಷ್ಣರಾಜ ಒಡೆಯರ ಕಥೆ ಈ ವಿಷಯಕ್ಕೆ ಬಹಳ ಹತ್ತಿರವಾದದ್ದು. 1799ರಲ್ಲಿ, ಟಿಪ್ಪು ಸುಲ್ತಾನನು ಮಡಿದ ಮೇಲೆ, ಐದು ವರ್ಷದ ಬಾಲಕರಾಗಿ ಅವರು ಪಟ್ಟವೇರಿದರು. 1831ರಲ್ಲಿ ನಗರದ ದಂಗೆಯ ನೆಪದಿಂದ ಇಂಗ್ಲಿಷರು ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. ಅಲ್ಲಿಂದ 1868ರಲ್ಲಿ ಕಾಲವಾಗುವವರೆಗೆ, 37 ವರ್ಷಗಳ ಕಾಲ, ಅವರು ಹೆಸರಿಗೆ ಮಹಾರಾಜರು. ಕಾಗದಪತ್ರಗಳಿಗೆ ರುಜು ಹಾಕುತ್ತಿದ್ದವರು ಬೆಂಗಳೂರಿನಲ್ಲಿದ್ದ ಕಮಿಷನರು. ರಾಜ್ಯವನ್ನು ಹಿಂದಕ್ಕೆ ಕೊಡಿರೆಂದು ಅವರು ಕೇಳಿಕೊಂಡದ್ದಕ್ಕೆ ಕೊನೆಯಿಲ್ಲ. ಅವರ ಜೀವಮಾನದಲ್ಲಿ ಅದು ಕೈಗೂಡಲೂ ಇಲ್ಲ. ಆ ನಡುವೆ ದಿನಗಳು ಕಳೆಯಬೇಕಲ್ಲ!

ಹೇಗೆ ಕಳೆದವೆಂಬುದಕ್ಕೆ ‘ಶ್ರೀತತ್ತ್ವನಿಧಿ’ ಸಾಕ್ಷಿ. ಒಂಬತ್ತು ನಿಧಿಗಳಾಗಿ ವಿಂಗಡವಾಗಿರುವ ಆ ಸಚಿತ್ರ ಗ್ರಂಥದಲ್ಲಿ ದೇವತೆಗಳ, ಗ್ರಹಗಳ ಧ್ಯಾನರೂಪಗಳೆಲ್ಲ ಆದ ಮೇಲೆ, ಕೊನೆಯಲ್ಲಿ ‘ಕೌತುಕನಿಧಿ’ ಎಂಬುದೊಂದು ಬರುತ್ತದೆ. ಅದು ಆಟಗಳ ಭಂಡಾರ. ಗಂಜೀಫ ಎಲೆಗಳ ಹಳೆಯ ಆಟವನ್ನು ಹಿಡಿದು ಪ್ರಭುಗಳು ಹೊಸ ಹೊಸ ‘ಛದ’ಗಳನ್ನು ಕಲ್ಪಿಸಿದರು. ಚಾಮುಂಡೇಶ್ವರಿಯ ಹೆಸರಿನ ಒಂದು ಆಟಕ್ಕೆ 320 ಎಲೆಗಳು; ಒಂದೊಂದರ ಮೇಲೂ ಕೈಯಿಂದ ಬರೆದ ಚಿತ್ರ. ಅದನ್ನು ಪೂರ್ತಿಯಾಗಿ ಕಲಿತು ಆಡಿ ಮುಗಿಸಬೇಕಾದರೆ ರಾಜ್ಯಭಾರದ ಉಪದ್ರವವಿಲ್ಲದ ಬಿಡುವು ನಿಜವಾಗಿಯೂ ಬೇಕು. ಚದುರಂಗದಲ್ಲಿ ಅವರಿಗೆ ಇನ್ನೂ ಹೆಚ್ಚಿನ ಆಸಕ್ತಿ. ಒಂದು ಕುದುರೆ 64 ಮನೆಗಳನ್ನೂ, ಯಾವ ಮನೆಗೂ ಎರಡನೆಯ ಸಲ ಕಾಲಿಡದೆ, ಸುತ್ತಿಬರಬೇಕೆಂಬ ಸಮಸ್ಯೆಗೆ ಅವರು ಕಂಡುಹಿಡಿದ ಪರಿಹಾರಗಳನ್ನು ಆ ವಿದ್ಯೆಯನ್ನು ಬಲ್ಲ ಯೂರೋಪಿನ ಪಂಡಿತರೂ ಎಣಿಕೆಗೆ ತಂದುಕೊಂಡಿದ್ದಾರೆ. ಚದುರಂಗದ ಚೌಕಕ್ಕೆ ನಮ್ಮ ಭಾಷೆಯಲ್ಲಿ ‘ಮನೆ’ ಎಂದೇ ಹೆಸರಷ್ಟೆ. ಸೀಮೆಯನ್ನು ಕಳೆದುಕೊಂಡ ಅರಸರಿಗೆ ಉಳಿದದ್ದು ಆ ಅರುವತ್ತನಾಲ್ಕು ಮನೆಗಳು.

ಅವರು 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಗೆ ಹೋದವರು ಅಲ್ಲಿಯ ಗೋಡೆಯ ಚಿತ್ರಗಳನ್ನು ನೋಡಿರಬಹುದು. ಒಡೆಯರ ವಂಶವೆಲ್ಲ ಒಂದು ತಾವರೆಯ ದಳಗಳಲ್ಲಿ ಕುಳಿತಿರುವ ‘ಸಂತಾನಾಂಬುಜ’ ಅಲ್ಲಿದೆ. ಕೆಲವು ಚರಿತ್ರಕಾರರು ಇದನ್ನೆಲ್ಲ ವ್ಯಸನವೆಂದೂ ದುಂದುಗಾರಿಕೆಯೆಂದೂ ಬರೆದಿದ್ದಾರೆ. ಸಾಲದ ಲೆಕ್ಕವನ್ನು ನೋಡಿದರೆ ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೂ ನನಗೆ ತೋರುವುದೇ ಬೇರೆ. ಹೊರಗಿನ ಜಗತ್ತು ಕೈತಪ್ಪಿಹೋದ ಮನುಷ್ಯನೊಬ್ಬನು ಪುಸ್ತಕ, ಚಿತ್ರ, ಆಟಗಳನ್ನು ಒಟ್ಟುಗೂಡಿಸಿ, ವಿಂಗಡಿಸಿ, ಹೆಸರಿಟ್ಟು, ಅವುಗಳೊಳಗೆ ಒಂದು ವ್ಯವಸ್ಥೆಯನ್ನು ತಂದುಕೊಂಡನು. ಪಿಂಚಣಿಯಾದ ಗೃಹಸ್ಥರು ಎಷ್ಟು ಮಂದಿ ಇಂದಿಗೂ ಇದನ್ನೇ ಮಾಡುತ್ತಿಲ್ಲ? ಮೈಸೂರಿನ ಅರಸರೊಳಗೆ ನಮ್ಮಂಥ ಮನೆವಾರ್ತೆಯವರಿಗೆ ನೆಂಟರೆನ್ನಿಸುವವರು ಮುಮ್ಮಡಿಯವರೇ.

ಅರಮನೆಯಿಂದ ಬೀದಿಯ ಮನೆಗಳಿಗೆ ಇಳಿದು ಬಂದರೆ, ಅಲ್ಲಿಯೂ ಒಂದು ಕೌತುಕನಿಧಿ ಇದ್ದೇ ಇದೆ. ಅದು ಅಟ್ಟದ ಮೇಲಿನ ಗೊಂಬೆಯ ಪೆಟ್ಟಿಗೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ನಡೆಸಿದ ನವರಾತ್ರಿಯಿಂದ ಮೈಸೂರಿನ ದಸರೆಗೆ ಲೆಕ್ಕ ಹಿಡಿಯುವುದು ವಾಡಿಕೆ. ಅರಮನೆಯಲ್ಲಿ ದರ್ಬಾರು ನಡೆದಂತೆಯೇ ಮನೆಯಲ್ಲೂ ಒಂದು ದರ್ಬಾರು. ಮೆಟ್ಟಿಲುಗಳು ಮೂರೋ ಐದೋ ಏಳೋ ಒಂಬತ್ತೋ, ಒಟ್ಟಿನಲ್ಲಿ ಬೆಸಸಂಖ್ಯೆ. ಬಿಳಿಯ ಪಂಚೆ ಹಾಸಿದ ಆ ಮೆಟ್ಟಿಲುಗಳ ನೆತ್ತಿಯಲ್ಲಿ ಪಟ್ಟದ ಗೊಂಬೆಗಳು, ಅಂದರೆ ರಕ್ತಚಂದನದ ರಾಜರಾಣಿಯರು. ಮದುವೆಯಲ್ಲಿ ಮಗಳಿಗೆ ತವರಿನವರು ಕೊಡುವ ಜೋಡಿ ಅದು. ಅವರ ಕೆಳಗೆ ದೇವರುಗಳು; ಅವರಿಗೂ ಕೆಳಗೆ ಸಿಪಾಯಿಗಳು, ಬ್ಯಾಂಡಿನವರು, ತಕ್ಕಡಿ ಹಿಡಿದ ಶೆಟ್ಟರು, ಪಕ್ಕದಲ್ಲಿ ಶೆಟ್ಟಮ್ಮನವರು, ಅವರ ಮುಂದೆ ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ನಿಜವಾದ ಅಕ್ಕಿ ಬೇಳೆ. ದೇವರು ಅರಸನಿಗಿಂತ ಒಂದು ಮೆಟ್ಟಿಲು ಕೆಳಗೇಕೆ ಎಂದು ಬಾಲ್ಯದಲ್ಲಿ ನಾನು ಕೇಳಿದ್ದುಂಟು. “ಹಬ್ಬ ಅವರದಲ್ಲವೇನೋ” ಎಂದು ಅಜ್ಜಿ ಉತ್ತರ ಕೊಟ್ಟರು. ರಾಜ್ಯಶಾಸ್ತ್ರದ ಪುಸ್ತಕಗಳಲ್ಲಿ ಅಷ್ಟು ಚಿಕ್ಕ ಉತ್ತರವನ್ನು ನಾನು ಕಂಡಿಲ್ಲ.

ಒಂದು ಮನೆಯ ಗೊಂಬೆಗಳನ್ನು ಕ್ರಮವಾಗಿ ನೋಡಬಲ್ಲವನಿಗೆ ಅಲ್ಲಿ ಶಾಸನಗಳಲ್ಲಿಲ್ಲದ ಚರಿತ್ರೆ ಕಾಣುತ್ತದೆ. ಮಣ್ಣಿನ ಗೊಂಬೆ ಕುಂಬಾರರ ಕೇರಿಯದು. ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಗುಂಡುಮುಖದ ಗೊಂಬೆ ಚನ್ನಪಟ್ಟಣದ್ದು. ಸಂಸಾರವೆಲ್ಲ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬಂದ ವರ್ಷ ಕೊಂಡದ್ದು. ಪಿಂಗಾಣಿಯ ಮುಖದ ದೊರೆಸಾನಿ ಜರ್ಮನಿಯವಳು. ಮುಟ್ಟಿದರೆ ಹಗುರಾಗಿ ಕಿರ್ರೆನ್ನುವ ಸೆಲ್ಯುಲಾಯಿಡ್ ಮಗು ಜಪಾನಿನದು. ಒಂದನೆಯ ಮಹಾಯುದ್ಧದ ತರುವಾಯ ಜಪಾನಿನ ಅಗ್ಗದ ಸಾಮಾನು ನಮ್ಮ ಪೇಟೆಗಳಲ್ಲಿ ತುಂಬಿತೆಂದು ಅರ್ಥಶಾಸ್ತ್ರದವರು ಬರೆಯುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಸಾಕ್ಷಿ ನಾಲ್ಕನೆಯ ಮೆಟ್ಟಿಲಿನ ಮೇಲೆ ಕುಳಿತಿದೆ. ಅರಮನೆಯವರದೂ ಇದೇ ಅಭಿರುಚಿ. 1897ರಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ 1912ರಲ್ಲಿ ಪೂರ್ತಿಯಾದ ಹೊಸ ಅರಮನೆಯ ಗೊಂಬೆತೊಟ್ಟಿಯಲ್ಲಿ ದೇಶದ ಗೊಂಬೆಗಳ ಜೊತೆಗೆ ಯೂರೋಪಿನವೂ ಇವೆ.

ಗೋಡೆಗಳ ಮಾತೂ ಹೀಗೆಯೇ. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಬಣ್ಣದ ಚಿತ್ರಗಳ ಅಚ್ಚುಕೂಟವನ್ನು ತೆರೆದ ಮೇಲೆ, ಅರಸರ ಹಜಾರದಲ್ಲಿ ಮಾತ್ರ ಇರಬಹುದಾಗಿದ್ದ ಲಕ್ಷ್ಮಿ ಸರಸ್ವತಿಯರು ಗುಮಾಸ್ತೆಯ ಮನೆಯ ನಡುಮನೆಗೂ ಬಂದರು. ಆದರೆ ಬಂದಂತೆಯೇ ಉಳಿಯಲಿಲ್ಲ. ಹೆಂಗಸರು ಆ ಚಿತ್ರದ ಸೀರೆಗೆ ಜರಿಯ ಅಂಚನ್ನು ಹೊಲಿದರು, ಕೊರಳಿಗೆ ಮಣಿಯ ಸರ ಹಾಕಿದರು, ಕಿರೀಟಕ್ಕೆ ಚಮಕಿ ಅಂಟಿಸಿದರು, ಆಮೇಲೆ ಗಾಜಿನ ಕಟ್ಟು ಹಾಕಿಸಿದರು. ಕಲಾವಿಮರ್ಶಕರಿಗೆ ಇದು ಅಪಚಾರವಾಗಿ ತೋರಬಹುದು. ಒಂದೇ ಅಚ್ಚಿನಲ್ಲಿ ಸಾವಿರಾರು ಮನೆಗಳಿಗೆ ಹೋದ ದೇವಿಯನ್ನು ‘ನಮ್ಮ ಮನೆಯ ಲಕ್ಷ್ಮಿ’ಯನ್ನಾಗಿ ಮಾಡಿದ್ದು ಆ ಸೂಜಿಯೇ.

ಇನ್ನು ಹಿತ್ತಲು. ನಮ್ಮ ಹಳೆಯ ಪೇಟೆಗಳಲ್ಲಿ ಗೋಡೆಗೆ ಗೋಡೆ ಕೂಡಿದ ಮನೆಗಳು. ಒಳಗೆ ತೊಟ್ಟಿ, ತುಳಸಿಯ ಕಟ್ಟೆ. ಹಿಂದುಗಡೆ ಜಾಗವಿದ್ದವರಿಗೆ ಹಿತ್ತಲು. ಬಚ್ಚಲ ನೀರು ಬಾಳೆಯ ಬುಡಕ್ಕೂ ಕೆಸುವಿನ ಮಡಿಗೂ ಹೋಗುತ್ತಿತ್ತು. ದೊಡ್ಡಪತ್ರೆ, ಕರಿಬೇವು, ದಾಸವಾಳ, ನಂಜುಬಟ್ಟಲು, ಒಂದು ಪಾರಿಜಾತ, ಇಷ್ಟರಲ್ಲಿ ಮದ್ದು, ಅಡಿಗೆ, ಪೂಜೆ ಮೂರೂ ಸಾಗುತ್ತಿದ್ದವು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಕಟ್ಟಿದವನು ಗಂಡಸೇ ಇರಬೇಕು. ರಾತ್ರಿ ಮಗುವಿಗೆ ಕೆಮ್ಮು ಬಂದಾಗ ದೀಪ ಹಿಡಿದು ದೊಡ್ಡಪತ್ರೆ ಕೊಯ್ಯಲು ಹೋದವರು ಹಾಗೆ ಹೇಳಲಾರರು.

ಈ ಹಿತ್ತಲು ಮನೆಯ ಮುಂದಕ್ಕೆ ಬಂದು ‘ಗಾರ್ಡನ್’ ಆದದ್ದಕ್ಕೆ ಕಾರಣ ಒಂದು ಮಹಾಮಾರಿ. 1898ರಲ್ಲಿ ಬೆಂಗಳೂರಿನಲ್ಲಿ ಪ್ಲೇಗು ಹಬ್ಬಿತು. ಗಾಳಿಬೆಳಕಿಲ್ಲದ ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಮಲ್ಲೇಶ್ವರ, ಬಸವನಗುಡಿಗಳಂಥ ಹೊಸ ಬಡಾವಣೆಗಳಲ್ಲಿ ಜನ ನೆಲೆಸಿದರು. ಅಲ್ಲಿ ಮನೆಯ ಸುತ್ತ ಬಯಲು ಬಿಡಬೇಕೆಂದು ನಿಯಮ. ಸಾವಿಗೆ ಹೆದರಿ ಬಿಟ್ಟ ಆ ಬಯಲಿನಲ್ಲಿ ಗುಲಾಬಿ ಹುಟ್ಟಿತು. ಹಿತ್ತಲು ಹೆಂಗಸರದಾಗಿದ್ದರೆ ಮುಂಭಾಗದ ತೋಟ ಯಜಮಾನರದಾಯಿತು. ಕಚೇರಿಯಿಂದ ಬಂದು, ಕೋಟು ಕಳಚಿ, ಕ್ರೋಟನ್ ಕುಂಡಗಳ ನಡುವೆ ಅಡ್ಡಾಡುವುದು ಗೌರವದ ಲಕ್ಷಣವಾಯಿತು. ನೀರು ಹಾಕುವ ಕೆಲಸ ಮಾತ್ರ ಹಿಂದಿನವರಿಗೇ ಉಳಿಯಿತೆಂದು ತೋರುತ್ತದೆ.

ಗಿಡಗಳನ್ನು ಒದಗಿಸಿದ್ದು ಲಾಲ್‌ಬಾಗು. ಹೈದರಾಲಿಯು 1760ರಲ್ಲಿ ತೊಡಗಿದ ಆ ತೋಟ ಇಂಗ್ಲಿಷರ ಕೈಸೇರಿದ ಮೇಲೆ ಸಸ್ಯಶಾಸ್ತ್ರದ ಉದ್ಯಾನವಾಯಿತು. 1874ರಿಂದ 1908ರವರೆಗೆ ಅದನ್ನು ನೋಡಿಕೊಂಡ ಜಾನ್ ಕ್ಯಾಮರನ್ ಎಂಬವರು ತರಿಸಿ ಬೆಳಸಿದ ಒಂದು ಬಳ್ಳಿ ಈಗ ನಮ್ಮ ಹುಳಿಯಲ್ಲಿ ತೇಲುತ್ತಿದೆ, ಅದೇ ಸೀಮೆಬದನೆ. ಅವರ ತರುವಾಯ ಬಂದ ಜರ್ಮನಿಯ ಕ್ರುಂಬಿಗಲ್ಲರು, ಒಂದು ಜಾತಿಯ ಮರ ಹೂ ಬಿಟ್ಟು ಮುಗಿಸುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿಕೊಟ್ಟರು. ‘ಸೀಮೆ’ ಎಂಬ ಉಪಪದ ನೋಡಿರಿ: ಸೀಮೆಬದನೆ, ಸೀಮೆಹುಣಸೆ, ಸೀಮೆಎಣ್ಣೆ, ಸೀಮೆಸುಣ್ಣ. ಹೊರಗಿನಿಂದ ಬಂದದ್ದಕ್ಕೆ ನಮ್ಮವರು ಹೀಗೊಂದು ಮುದ್ರೆಯೊತ್ತಿ ಒಳಕ್ಕೆ ಬಿಟ್ಟುಕೊಂಡರು. ಕೆಲವಕ್ಕೆ ಆ ಮುದ್ರೆಯೂ ಇಲ್ಲ. ಆಯುಧಪೂಜೆಯ ದಿನ ಬಾಗಿಲಿಗೆ ಕಟ್ಟುವ ಚೆಂಡುಹೂವು ಮೆಕ್ಸಿಕೋ ದೇಶದ್ದು. ಸಾಯಂಕಾಲ ಅರಳುವ ಸಂಜೆಮಲ್ಲಿಗೆ, ದೇವಸ್ಥಾನದ ಅಂಗಳದ ದೇವಕಣಗಿಲೆ, ಇವೂ ಅಮೆರಿಕ ಖಂಡದವು. ಸೋಮೇಶ್ವರನ ಉಪವನದಲ್ಲಿ ಇವು ಒಂದೂ ಇರಲು ಸಾಧ್ಯವಿರಲಿಲ್ಲ. ಅಜ್ಜಿಯ ಹತ್ತಿರ ಈ ಮಾತನ್ನೆತ್ತಿದಾಗ ಅವರು, “ದೇವರಿಗೆ ಗೊತ್ತಿಲ್ಲವೇನು?” ಎಂದು ಹೂವನ್ನು ಏರಿಸಿಯೇ ಬಿಟ್ಟರು.

ಎಲ್ಲ ಅತಿಥಿಗಳೂ ಇಷ್ಟು ಸಾಧುಗಳಲ್ಲ. ಅಂದಕ್ಕೆಂದು 19ನೆಯ ಶತಮಾನದ ಮೊದಲಲ್ಲಿ ಕಲ್ಕತ್ತೆಯ ತೋಟಕ್ಕೆ ತಂದ ಲಂಟಾನ, ಬೇಲಿಯನ್ನು ಹಾರಿ, ನಮ್ಮ ಬಂಡೀಪುರದ ಕಾಡನ್ನು ನುಂಗುತ್ತಿದೆ.

ಓದಿನ ವಿಷಯಕ್ಕೆ ಬಂದರೆ, ನಮ್ಮ ಮನೆಗಳಲ್ಲಿ ಓದು ಎಂದರೆ ಬಹುಕಾಲ ಕೇಳುವುದೇ ಆಗಿತ್ತು. ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿಯನ್ನೋ ಒಬ್ಬರು ರಾಗವಾಗಿ ವಾಚಿಸುವುದು, ಇನ್ನೊಬ್ಬರು ಅರ್ಥ ಹೇಳುವುದು, ಜಗಲಿಯಲ್ಲಿ ಗಂಡಸರು, ಬಾಗಿಲ ಹಿಂದೆ ಹೆಂಗಸರು ಬತ್ತಿ ಹೊಸೆಯುತ್ತ ಕೇಳುವುದು. ಅಕ್ಷರ ಬಾರದವರಿಗೂ ಸಂಧಿಗಟ್ಟಲೆ ಪದ್ಯಗಳು ಬಾಯಿಗೆ ಬರುತ್ತಿದ್ದವು. ಸೀಮೆಎಣ್ಣೆಯ ದೀಪ ಮತ್ತು ಅಚ್ಚಿನ ಪುಸ್ತಕ ಎರಡೂ ಸೇರಿ ಒಬ್ಬರೇ ಕುಳಿತು ಬಾಯಿ ಬಿಡದೆ ಓದುವ ಹೊಸ ಸುಖವನ್ನು ತಂದವು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಿಸಿದರು. ಉತ್ತರದಲ್ಲಿ ಗಳಗನಾಥರು ತಾವು ಬರೆದದ್ದನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು.

ಈ ಹೊಸ ಓದು ಹೆಂಗಸರ ಕೈಗೆ ಹೋದಾಗ ಮನೆಯ ಹಿರಿಯರಿಗೆ ಗಾಬರಿಯಾಯಿತು. ಬಾಯಿ ಬಿಟ್ಟು ಓದಿದರೆ ಏನು ಓದುತ್ತಾರೆಂದು ತಿಳಿಯುತ್ತಿತ್ತು. ಮೌನವಾಗಿ ಓದಿದರೆ ತಿಳಿಯುವುದು ಹೇಗೆ? ನಂಜನಗೂಡಿನ ತಿರುಮಲಾಂಬ ಅವರು 1887ರಲ್ಲಿ ಹುಟ್ಟಿದರು. ಬಾಲ್ಯದಲ್ಲೇ ಮದುವೆ, 14ನೆಯ ವಯಸ್ಸಿನಲ್ಲೇ ವೈಧವ್ಯ. ಮಗಳ ಓದಿಗೆ ತಂದೆಯವರು ಒತ್ತಾಸೆಯಾಗಿ ನಿಂತರು. ಆ ಓದಿನಿಂದ 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆ ಹುಟ್ಟಿತು. ‘ಸುಶೀಲೆ’ ಕಾದಂಬರಿ ಹೊರಬಂತು. ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ಅವರೇ ನಡೆಸಿದರು. ಹಬ್ಬ ಹಸೆ ಆರತಿ ಎಲ್ಲದರಿಂದಲೂ ಲೋಕ ಅವರಂಥವರನ್ನು ದೂರವಿಟ್ಟಿತ್ತು. ಮನೆಯ ಸುಖಗಳಲ್ಲಿ ಅವರಿಗೆ ನಿಷೇಧವಿಲ್ಲದೆ ಉಳಿದಿದ್ದುದು ಪುಸ್ತಕವೊಂದೇ; ಅದೂ ತಂದೆ ಒಪ್ಪಿದ್ದರಿಂದ. ಇದನ್ನು ನೆನೆಯುವಾಗ, ‘ಸರಳವಾದ ಸುಖ’ ಎಂಬ ಮಾತನ್ನು ನಾವು ಎಷ್ಟು ಹಗುರಾಗಿ ಆಡುತ್ತೇವಲ್ಲ ಎಂದು ನನಗೆ ಸಂಕೋಚವಾಗುತ್ತದೆ.

ನಡುವೆ ಒಂದು ಮಾತು. ರೇಡಿಯೋದಲ್ಲಿ ಮನೆಯ ವಿಷಯವನ್ನು ಆಡುವುದರಲ್ಲಿ ಔಚಿತ್ಯವೂ ಇದೆ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಸ್ವಂತ ಮನೆಯಲ್ಲೇ, 30 ವ್ಯಾಟಿನ ಚಿಕ್ಕ ಯಂತ್ರವೊಂದನ್ನು ಇಟ್ಟುಕೊಂಡು, ‘ಆಕಾಶವಾಣಿ’ಯನ್ನು ಆರಂಭಿಸಿದರು. ಒಬ್ಬರ ಹವ್ಯಾಸ ಊರಿನ ಸೊತ್ತಾಯಿತು. ಜಗಲಿಯ ಭಾರತವಾಚನವೂ ಪೆಟ್ಟಿಗೆಯೊಳಗಿನಿಂದ ಕೇಳಿಬಂತು. ಈ ಸಲ ಬಾಗಿಲ ಹಿಂದೆ ನಿಲ್ಲಬೇಕಾದ ಕಾರಣ ಯಾರಿಗೂ ಇರಲಿಲ್ಲ.

ನನ್ನ ಅಜ್ಜಿಯ ಪೆಟ್ಟಿಗೆಯ ಮಾತು ಹೇಳಿ ಮುಗಿಸುತ್ತೇನೆ. ಅವರೂ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಮಹಾಲಯ ಅಮಾವಾಸ್ಯೆಗೆ ಒಂದು ವಾರ ಮೊದಲೇ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲುತ್ತಿದ್ದರು. ಪಾಡ್ಯದ ಹೊತ್ತಿಗೆ ಅದು ಗೇಣುದ್ದ ಬೆಳೆದು ಗೊಂಬೆಗಳಿಗೆ ಉದ್ಯಾನವಾಗಬೇಕು, ಅದರ ನಡುವೆ ಇಟ್ಟ ಕನ್ನಡಿಯ ಚೂರು ಕೊಳವಾಗಬೇಕು. ಅಟ್ಟದಿಂದ ಪೆಟ್ಟಿಗೆಯನ್ನು ಇಳಿಸುವುದು ನನ್ನ ಕೆಲಸ. ಒಂದೊಂದೇ ಗೊಂಬೆಯನ್ನು ಬಿಚ್ಚಿ, ಒರೆಸಿ, ಅದು ಯಾವ ವರ್ಷ ಬಂತು, ಯಾರು ತಂದರು, ಯಾರ ಬಾಣಂತನದಲ್ಲಿ ಯಾವ ಮಗು ಅದರ ಮೂಗು ಮುರಿಯಿತು ಎಂದೆಲ್ಲ ಅಜ್ಜಿ ಹೇಳುತ್ತ ಹೋಗುತ್ತಿದ್ದರು. ಪಟ್ಟದ ಗೊಂಬೆಗಳು ಬಂದಾಗ ಮಾತ್ರ ಗಂಟನ್ನು ಬಿಚ್ಚದೆ, “ನೀನೇ ಇಡಮ್ಮಾ” ಎಂದು ನನ್ನ ತಾಯಿಯ ಕೈಗೆ ಕೊಡುತ್ತಿದ್ದರು. ಆ ಜೋಡಿ ಅವರ ತವರಿನದೇ, ಅವರ ಮದುವೆಯದೇ.

ಕಾಲೇಜಿನಲ್ಲಿ ಚರಿತ್ರೆ ಓದುತ್ತಿದ್ದ ನಾನು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆನೆಂದರೆ, ಗೊಂಬೆಗಳಿಗೆ ಸುತ್ತಿದ್ದ ಹಳೆಯ ಪತ್ರಿಕೆಗಳನ್ನು ನೆಲದ ಮೇಲೆ ಹರಡಿಕೊಂಡು ಬಹಳ ಶ್ರದ್ಧೆಯಿಂದ ಓದುತ್ತಿದ್ದೆ. ಹಳೆಯ ಕಾಲದ ಸುದ್ದಿ, ಹಳೆಯ ಕಾಲದ ಜಾಹೀರಾತು. ಅಪೂರ್ವವಾದ ಆಧಾರಗಳೆಂದು ಕೆಲವನ್ನು ಎತ್ತಿಯೂ ಇಟ್ಟುಕೊಂಡೆ. ಅಜ್ಜಿ ಹೇಳುತ್ತಿದ್ದುದಕ್ಕೆ “ಹೂಂ” ಎನ್ನುತ್ತಿದ್ದೆ. ಒಂದು ಸಾಲನ್ನಾದರೂ ಬರೆದುಕೊಳ್ಳಲಿಲ್ಲ.

ಈಗ ಆ ಪೆಟ್ಟಿಗೆ ನಮ್ಮ ಮನೆಯಲ್ಲಿದೆ. ಅದರಲ್ಲಿ ಒಂದು ಮಣ್ಣಿನ ಹೆಂಗಸು ಇದ್ದಾಳೆ. ಕುಳಿತಿದ್ದಾಳೆ, ತಲೆ ಸ್ವಲ್ಪ ಬಾಗಿದೆ. ಮುಂದಕ್ಕೆ ಚಾಚಿದ್ದ ಕೈ ಮಣಿಕಟ್ಟಿನವರೆಗೆ ಮುರಿದುಹೋಗಿದೆ. ಆ ಕೈಯಲ್ಲಿ ಹೂವಿತ್ತೋ ಪುಸ್ತಕವಿತ್ತೋ ದೀಪವಿತ್ತೋ ಹೇಳಬಲ್ಲವರು ಈಗ ಯಾರೂ ಇಲ್ಲ. ನನ್ನ ಹೆಂಡತಿ ಅವಳನ್ನು ಪ್ರತಿವರ್ಷವೂ ಮೂರನೆಯ ಮೆಟ್ಟಿಲಿನ ಕೊನೆಯಲ್ಲಿ, ರಾಗಿಯ ಪೈರಿನ ಕಡೆಗೆ ಮುಖ ಮಾಡಿ ಕೂರಿಸುತ್ತಾಳೆ. ಹೋದ ನವರಾತ್ರಿಯಲ್ಲಿ ಪಕ್ಕದ ಮನೆಯ ಮಗು ಗೊಂಬೆ ನೋಡಲು ಬಂದದ್ದು ಎಲ್ಲರನ್ನೂ ಬಿಟ್ಟು ಅವಳ ಮುಂದೆಯೇ ನಿಂತು, “ಇವರು ಯಾರು ಮಾಮ?” ಎಂದು ಕೇಳಿತು. ನಮ್ಮ ಅಜ್ಜಿಯದಮ್ಮಾ ಎಂದು ಹೇಳಿ, ಅದರ ಕೈಗೆ ಚರಪಿನ ಉಂಡೆ ಕೊಟ್ಟೆ.